ತೂಕಕ್ಕೆ ಸಿಗದ ಬೆಳ್ಳಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಲ್ಲಿ ನೆಂಟರು ಬಂದರೆ ಕವಳದ ಹರಿವಾಣ ಮುಂದೆ ಬಂದೇ ಬರುತ್ತದೆ. ಈ ಮೂರು ತಾಲ್ಲೂಕುಗಳ ಅಡಿಕೆಗೆ 2019ರಲ್ಲಿ ‘ಶಿರಸಿ ಸುಪಾರಿ’ ಎಂಬ ಭೌಗೋಳಿಕ ಗುರುತು ದೊರೆಯಿತು. ಆದರೆ ಅಡಿಕೆಯ ಪಕ್ಕದಲ್ಲೇ ಕುಳಿತ ಬೆಳ್ಳಿಯ ಸುಣ್ಣದ ಡಬ್ಬಿಯನ್ನು ವಿಚಾರಿಸುವವರು ಕಡಿಮೆ.

ಬಂಗಾಳ ಕೊಲ್ಲಿಯ ಆಚೆಯ ಬರ್ಮಾದಲ್ಲೂ, ಅಂದರೆ ಇಂದಿನ ಮ್ಯಾನ್ಮಾರ್‌ನಲ್ಲೂ, ಎಲೆ-ಅಡಿಕೆಯೇ ಅತಿಥಿ ಮರ್ಯಾದೆ. ಸಾಮಾನ್ಯರಿಗೆ ಮೆರುಗೆಣ್ಣೆ ಹಚ್ಚಿದ ಬಿದಿರಿನ ಪೆಟ್ಟಿಗೆ, ಉಳ್ಳವರಿಗೆ ಬೆಳ್ಳಿಯದು. ರಾಜರ ಕಾಲದಲ್ಲಿ ಎಲೆಪೆಟ್ಟಿಗೆ ದರ್ಜೆಯ ಗುರುತೂ ಆಗಿತ್ತು.

ಅಲ್ಲಿನ ಬೆಳ್ಳಿ ಹೆಸರಾದದ್ದು ಉಬ್ಬು ಕೆಲಸಕ್ಕೆ. ಬೆಳ್ಳಿಯನ್ನು ಬಡಿದು ಬಟ್ಟಲಿನ ಆಕಾರಕ್ಕೆ ತಂದು, ಒಳಗಿನಿಂದ ತಟ್ಟಿ ಚಿತ್ರವನ್ನು ಉಬ್ಬಿಸುತ್ತಾರೆ. ಬಳಿಕ ಒಳಗೆ ರಾಳ ತುಂಬಿ, ಹೊರಗಿನಿಂದ ಮೊಂಡು ಉಳಿಯಲ್ಲಿ ಕಣ್ಣು, ಮೂಗು, ಬಟ್ಟೆಯ ನಿರಿಗೆ ತಿದ್ದುತ್ತಾರೆ. ಪೆಟ್ಟನ್ನು ರಾಳ ತಾಳಿಕೊಳ್ಳುವುದರಿಂದ ತಗಡು ಹರಿಯುವುದಿಲ್ಲ. ಜಾತಕ ಕಥೆ, ರಾಮಾಯಣದ ಪಾತ್ರಗಳು ಹೀಗೆ ಬಟ್ಟಲನ್ನು ಸುತ್ತುತ್ತವೆ. ನಮ್ಮ ದೇವಸ್ಥಾನಗಳ ಬೆಳ್ಳಿ ಕವಚ, ಪ್ರಭಾವಳಿಗಳ ಹಿಂದಿರುವುದೂ ಇದೇ ವಿದ್ಯೆ.

1885ರಲ್ಲಿ ಮಂಡಾಲೆ ಬ್ರಿಟಿಷರ ವಶವಾದ ಮೇಲೆ ಅರಮನೆಯ ಆಶ್ರಯ ತಪ್ಪಿತು. ಹೊಸ ಗಿರಾಕಿಗಳಾದ ದೊರೆಗಳು ಬಂದರು. ಭಿಕ್ಷಾಪಾತ್ರೆಯ ಆಕಾರದ ಬಟ್ಟಲು ಅವರ ದಿವಾನಖಾನೆ ಸೇರಿತು. 1902ರಲ್ಲಿ ಎಚ್.ಎಲ್. ಟಿಲ್ಲಿ ಈ ಕಲೆಯ ಬಗ್ಗೆ ಪುಸ್ತಕವನ್ನೇ ಬರೆದರು. ಇಂದು ಅಂಥ ಪಾತ್ರೆಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ.

ನಮ್ಮಲ್ಲಿ? ಮದುವೆ, ಉಪನಯನ ಬಂದಾಗ ಅಜ್ಜಿಯ ಕಾಲದ ಬೆಳ್ಳಿ ತಕ್ಕಡಿ ಏರುತ್ತದೆ. ಅಲ್ಲಿ ಬೆಲೆ ಲೋಹಕ್ಕೆ, ಕೆಲಸಕ್ಕಿಲ್ಲ. ಕರಗಿದ ಮೇಲೆ ನೂರು ವರ್ಷದ ಡಬ್ಬಿಗೂ ನಿನ್ನೆಯ ಲೋಟಕ್ಕೂ ವ್ಯತ್ಯಾಸವಿಲ್ಲ.

ಹಾಗಾಗಿ ಕೊಡುವ ಮುನ್ನ ಒಮ್ಮೆ ನೋಡಿ. ಒಂದೇ ಹೂವು ಎರಡು ಕಡೆ ಕೊಂಚ ಬೇರೆಯಾಗಿದ್ದರೆ ಅದು ಬಹುಶಃ ಕೈಕೆಲಸ; ಅಚ್ಚಿನಲ್ಲಿ ಒತ್ತಿದ್ದಾದರೆ ಎಲ್ಲವೂ ಒಂದೇ ತೆರ. ತಳದಲ್ಲಿ ಗುರುತಿದೆಯೇ ಗಮನಿಸಿ. ಬರ್ಮಾದ ಎಷ್ಟೋ ಬಟ್ಟಲುಗಳ ತಳದಲ್ಲಿ ಪ್ರಾಣಿಯ ಚಿತ್ರವಿರುತ್ತದೆ. ಒರಟು ಪುಡಿ ಹಾಕಿ ತಿಕ್ಕಬೇಡಿ, ಉಬ್ಬಿನ ಗೆರೆ ಸವೆಯುತ್ತದೆ. ಯಾರದು, ಯಾವಾಗಿನದು ಎಂದು ಹಿರಿಯರನ್ನು ಕೇಳಿ ಬರೆದಿಡಿ. ಶತಮಾನ ದಾಟಿದ ಕಲಾವಸ್ತುವನ್ನು ಖಾಸಗಿಯಾಗಿ ವಿದೇಶಕ್ಕೆ ಸಾಗಿಸಲು 1972ರ ಪುರಾತನ ವಸ್ತುಗಳ ಕಾಯಿದೆ ಬಿಡುವುದಿಲ್ಲ. ಆದರೆ ಮನೆಯವರೇ ಕರಗಿಸಲು ಕೊಟ್ಟದ್ದನ್ನು ಉಳಿಸುವವರು ಯಾರು?

ತಕ್ಕಡಿ ಬೆಳ್ಳಿಯನ್ನು ತೂಗೀತು, ಅದನ್ನು ತಟ್ಟಿದ ಕೈಯನ್ನಲ್ಲ.