ಲಾರಿ ಡೀಸೆಲ್ ಎಂಜಿನ್‌ನ ಬಾಳಿಕೆ

ಭಾರಿ ಲಾರಿಯ ಡೀಸೆಲ್ ಎಂಜಿನ್ ದೊಡ್ಡ ದುರಸ್ತಿಯಿಲ್ಲದೆ ನಂಬಿಕೆಗೆ ತಕ್ಕಂತೆ ದುಡಿಯುವ ಅವಧಿಯನ್ನು ಅದರ ಬಾಳಿಕೆ ಎನ್ನಲಾಗುತ್ತದೆ. ಸವೆತ ಹೆಚ್ಚಾಗಿ ಲೈನರ್, ಪಿಸ್ಟನ್ ರಿಂಗು ಮತ್ತು ಬೇರಿಂಗುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆಯಿಲ್ ಮೇಲಿಂದ ಮೇಲೆ ಇಳಿಯುವುದು, ಆಯಿಲ್ ಒತ್ತಡ ಕುಸಿಯುವುದು, ನೀಲಿ ಹೊಗೆ ಇವು ಅದರ ಕುರುಹುಗಳು. ಕಪ್ಪು ಹೊಗೆಯ ವಿಷಯ ಬೇರೆ. ಅದಕ್ಕೆ ಕಟ್ಟಿಕೊಂಡ ಏರ್ ಫಿಲ್ಟರ್ ಅಥವಾ ಕೆಟ್ಟ ಇಂಜೆಕ್ಟರ್ ಕಾರಣವಿರಬಹುದಾದ್ದರಿಂದ, ಅದನ್ನು ಕಂಡೊಡನೆ ಎಂಜಿನ್ ಬಿಚ್ಚಿಸುವುದು ದುಡ್ಡು ದಂಡ.

ಲೈನರ್ ಬದಲಿಸಬಹುದಾದ ಎಂಜಿನ್‌ಗಳಿಗೆ ಓವರ್‌ಹಾಲ್‌ನಿಂದ ಮರುಜೀವ ಬರುತ್ತದೆ. ಬ್ಲಾಕ್ ಸೀಳಿದ್ದರೆ ಅಥವಾ ಕ್ರ್ಯಾಂಕ್‌ಶಾಫ್ಟ್ ಇನ್ನು ಸಾಣೆ ಹಿಡಿಯಲಾರದಷ್ಟು ಸವೆದಿದ್ದರೆ ಬದಲಾವಣೆಯೇ ಲೇಸು. ಎಂಜಿನ್ ಸಂಖ್ಯೆ ನೋಂದಣಿ ಪತ್ರದಲ್ಲಿರುವುದರಿಂದ ಈ ಬದಲಾವಣೆಯನ್ನು ಅದರಲ್ಲಿ ದಾಖಲಿಸಬೇಕಾಗುತ್ತದೆ.

ವಿಜಯ ಸಂಕೇಶ್ವರ ಅವರು 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ಉದ್ಯಮ ಮುಂದೆ ವಿಆರ್‌ಎಲ್ ಆಗಿ ಬೆಳೆಯಿತು. ಹಲವು ವಾಹನಗಳಿರುವ ಸಂಸ್ಥೆಗೆ ಒಂದು ಕೆಟ್ಟರೆ ಮತ್ತೊಂದಿರುತ್ತದೆ. ಕುರ್ತಕೋಟಿಯಂಥ ಊರಿನ ಒಂಟಿ ಲಾರಿಯ ಮಾಲೀಕನಿಗೆ ಹಾಗಲ್ಲ: ಎಂಜಿನ್ ನಿಂತ ದಿನ ಬಾಡಿಗೆ ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ. ಆದ್ದರಿಂದ ಆತನು ಹತ್ತಿ, ಮೆಣಸಿನಕಾಯಿ ಸಾಗಣೆಯ ಹಂಗಾಮಿಗೆ ಮೊದಲೇ ಓವರ್‌ಹಾಲ್ ಮುಗಿಸಿಕೊಳ್ಳುವುದು ಲಾಭಕರ. 8 ವರ್ಷ ದಾಟಿದ ಲಾರಿಗೆ ಪ್ರತಿವರ್ಷ ಎಫ್‌ಸಿ ಮಾಡಿಸಬೇಕಿರುವುದರಿಂದ, ಆ ಖರ್ಚನ್ನೂ ಸೇರಿಸಿ ಹಳೆಯ ಲಾರಿಗೆ ಹೊಸ ಎಂಜಿನ್ ಹಾಕಿಸುವುದೋ ಲಾರಿಯನ್ನೇ ಮಾರುವುದೋ ಎಂಬುದನ್ನು ನಿರ್ಧರಿಸಲಾಗುತ್ತದೆ.