ಆದೇಶವೊಂದಕ್ಕೆ ಎರಡು ಸೆಕೆಂಡ್

1991ರ ಮಾರ್ಚ್ ಆರಂಭ. ದೆಹಲಿಯ 10, ಜನಪಥ್ ಬಂಗಲೆಯ ಹೊರಗೆ ಹರಿಯಾಣ ಪೊಲೀಸ್ ಇಲಾಖೆಯ ಇಬ್ಬರು ಕಾನ್‌ಸ್ಟೆಬಲ್‌ಗಳು ಸಿಕ್ಕಿಬಿದ್ದರು. ರಾಜೀವ್ ಗಾಂಧಿಯವರ ಮನೆಗೆ ಯಾರು ಬಂದರು, ಯಾರು ಹೋದರು ಎಂದು ನೋಡುತ್ತಿದ್ದರು ಎಂಬುದು ಅವರ ಮೇಲಿನ ಆರೋಪ. ಕಾಂಗ್ರೆಸ್ ಕೆರಳಿತು. ಅದರ ಬೆಂಬಲದಿಂದಲೇ ನಿಂತಿದ್ದ ಪ್ರಧಾನಿ ಚಂದ್ರಶೇಖರ್ ಮಾರ್ಚ್ 6ರಂದು ರಾಜೀನಾಮೆ ಕೊಟ್ಟರು. ಅದಕ್ಕೂ ಮೊದಲು, 1988ರ ಆಗಸ್ಟ್‌ನಲ್ಲಿ, ಫೋನ್ ಕದ್ದಾಲಿಕೆಯ ಆರೋಪ ಹೊತ್ತು ನಮ್ಮ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನದಿಂದ ಇಳಿದಿದ್ದರು. ಎರಡೂ ಸಲ ಕುರ್ಚಿ ಬದಲಾಯಿತು. ಕದ್ದು ಕೇಳುವ ಅಧಿಕಾರ ಯಾರ ಕೈಯಲ್ಲಿರಬೇಕು, ಅದರ ಲೆಕ್ಕ ಕೇಳುವವರು ಯಾರು ಎಂಬ ಪ್ರಶ್ನೆ ಮಾತ್ರ ಇದ್ದಲ್ಲೇ ಉಳಿಯಿತು.

ಆ ಪ್ರಶ್ನೆಯ ಬೇರು ಬ್ರಿಟಿಷರ ಕಾಲದಲ್ಲಿದೆ. ಗುಪ್ತಚರ ದಳ, ಅಂದರೆ ಐಬಿ, ತನ್ನ ಹುಟ್ಟನ್ನು 1887ರ ಡಿಸೆಂಬರ್ 23ರ ಆದೇಶವೊಂದರಲ್ಲಿ ಗುರುತಿಸಿಕೊಳ್ಳುತ್ತದೆ. ಇಂದಿರಾ ಗಾಂಧಿ 1968ರಲ್ಲಿ ಆರ್.ಎನ್. ಕಾವ್ ನೇತೃತ್ವದಲ್ಲಿ ಕಟ್ಟಿದ ‘ರಾ’ ಸಂಪುಟ ಸಚಿವಾಲಯದ ಒಂದು ಅಂಗ. ಇವೆರಡರ ಅಧಿಕಾರ, ಮಿತಿ, ಹೊಣೆಯನ್ನು ಹೇಳುವ ಕಾಯ್ದೆಯನ್ನು ಸಂಸತ್ತು ಇವತ್ತಿಗೂ ಮಾಡಿಲ್ಲ. ಅಲ್ಲಿನ ನೌಕರರು ಸಂಘ ಕಟ್ಟದಂತೆ ತಡೆಯುವ ಕಾಯ್ದೆ ಮಾತ್ರ 1985ರಲ್ಲೇ ಬಂತು. ಮಾಹಿತಿ ಹಕ್ಕು ಕಾಯ್ದೆಯಿಂದಲೂ ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳನ್ನು ಬಿಟ್ಟು ಉಳಿದೆಲ್ಲದರಲ್ಲಿ ಇವುಗಳಿಗೆ ವಿನಾಯಿತಿ ಇದೆ. ಐಬಿಗೆ ಕಾನೂನಿನ ಬುಡ ಎಲ್ಲಿದೆ ಎಂದು ಕೇಳಿ ಕರ್ನಾಟಕ ಹೈಕೋರ್ಟ್ ಮೆಟ್ಟಿಲೇರಿದವರು ಅದೇ ದಳದಲ್ಲಿ ಸೇವೆ ಸಲ್ಲಿಸಿ ನಿವೃತ್ತರಾಗಿದ್ದ ಆರ್.ಎನ್. ಕುಲಕರ್ಣಿ. ಒಳಗಿನವರೇ ಈ ಪ್ರಶ್ನೆ ಕೇಳಿದ್ದಕ್ಕೆ ಹೆಚ್ಚಿನ ತೂಕವಿದೆ ಎಂದು ನಾನು ನಂಬಿದ್ದೇನೆ.

ಮೊದಲ ಕಡಿವಾಣ ಬಂದದ್ದು ನ್ಯಾಯಾಲಯದಿಂದ. ರಾಜಕಾರಣಿಗಳ ಫೋನ್ ಕದ್ದಾಲಿಕೆ ಕುರಿತ ಸಿಬಿಐ ವರದಿಯ ವಿವರಗಳು 1991ರಲ್ಲಿ ಪತ್ರಿಕೆಯೊಂದರಲ್ಲಿ ಹೊರಬಿದ್ದವು. ಕೆಲವು ನಂಬರುಗಳಿಗೆ ಅನುಮತಿ ಪತ್ರವೇ ಇರಲಿಲ್ಲ. ಅವಧಿ ಮುಗಿದ ಮೇಲೂ ಕೆಲವನ್ನು ಆಲಿಸಲಾಗಿತ್ತು. ಲಾಗ್‌ಬುಕ್‌ಗಳು ನೆಟ್ಟಗಿರಲಿಲ್ಲ. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಸುಪ್ರೀಂ ಕೋರ್ಟ್‌ಗೆ ಹೋಯಿತು. 1885ರ ಟೆಲಿಗ್ರಾಫ್ ಕಾಯ್ದೆ ಆಲಿಸುವ ಅಧಿಕಾರ ಕೊಟ್ಟಿದ್ದರೂ ಅದರ ದುರ್ಬಳಕೆ ತಡೆಯುವ ನಿಯಮಗಳನ್ನು ಸರ್ಕಾರ ನೂರು ವರ್ಷ ಕಳೆದರೂ ರೂಪಿಸಿರಲಿಲ್ಲ. 1996ರ ಡಿಸೆಂಬರ್ 18ರಂದು ಕೋರ್ಟ್ ತಾನೇ ಮಾರ್ಗಸೂಚಿ ಬರೆಯಿತು: ಗೃಹ ಕಾರ್ಯದರ್ಶಿಯ ಆದೇಶ ಬೇಕು, ಒಂದು ಫೋನನ್ನು ಆರು ತಿಂಗಳಿಗಿಂತ ಹೆಚ್ಚು ಆಲಿಸುವಂತಿಲ್ಲ, ಪ್ರತಿ ಆದೇಶವನ್ನೂ ಪರಿಶೀಲನಾ ಸಮಿತಿ ನೋಡಬೇಕು. ಸಂಪುಟ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ದೂರಸಂಪರ್ಕ ಕಾರ್ಯದರ್ಶಿ ಅದರ ಸದಸ್ಯರು. ಆದೇಶ ಕೊಡುವವರೂ ಅದನ್ನು ಪರೀಕ್ಷಿಸುವವರೂ ಒಂದೇ ಸರ್ಕಾರದ ಅಧಿಕಾರಿಗಳಾದರು.

ಆ ಸಮಿತಿಯ ಕೆಲಸ ಹೇಗಿದೆ ಎಂಬುದನ್ನು ಬೆಂಗಳೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಸಮಿತಿ 2018ರ ದತ್ತಾಂಶ ರಕ್ಷಣೆ ವರದಿಯಲ್ಲಿ ಹೇಳಿದೆ. ಎರಡು ತಿಂಗಳಿಗೊಮ್ಮೆ ಸೇರುವ ಪರಿಶೀಲನಾ ಸಮಿತಿಯ ಮುಂದೆ ಪ್ರತಿ ಸಭೆಯಲ್ಲೂ 15,000ದಿಂದ 18,000 ಆದೇಶಗಳು ಇರುತ್ತವೆ. ಸುಮ್ಮನೆ ಲೆಕ್ಕ ಹಾಕಿ. ಮೂವರು ಹಿರಿಯ ಅಧಿಕಾರಿಗಳು ಬೆಳಿಗ್ಗೆಯಿಂದ ಸಂಜೆವರೆಗೆ ಎಂಟು ಗಂಟೆ, ಊಟಕ್ಕೂ ಏಳದೆ ಕೂತರೆ 28,800 ಸೆಕೆಂಡ್. ಒಂದು ಆದೇಶದ ಪಾಲಿಗೆ ಎರಡು ಸೆಕೆಂಡ್ ಕೂಡ ಪೂರ್ತಿ ಸಿಗುವುದಿಲ್ಲ. ಅಷ್ಟರೊಳಗೆ ಫೋನು ಯಾರದು, ಕಾರಣವೇನು, ಅವಧಿ ಮುಗಿದಿದೆಯೇ ಎಂದು ತೀರ್ಮಾನಿಸಬೇಕು. ಇದನ್ನು ಪರಿಶೀಲನೆ ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಬೇಹುಗಾರಿಕೆಯ ಮೇಲ್ವಿಚಾರಣೆಗೆ ಬೇಗನೆ ಕಾಯ್ದೆ ತನ್ನಿ ಎಂದು ಶ್ರೀಕೃಷ್ಣ ಸಮಿತಿ ಹೇಳಿತ್ತು. ಅದು ಬರಲಿಲ್ಲ.

ಅಮೆರಿಕ ಈ ದಾರಿಯಲ್ಲಿ ಬಹಳ ಹಿಂದೆಯೇ ಹೆಜ್ಜೆ ಇಟ್ಟಿತ್ತು. ಸಿಐಎ ತನ್ನ ದೇಶದ ಪ್ರಜೆಗಳ ಮೇಲೇ ಬೇಹು ನಡೆಸಿದೆ ಎಂದು ಪತ್ರಕರ್ತ ಸೀಮೋರ್ ಹರ್ಶ್ 1974ರ ಡಿಸೆಂಬರ್‌ನಲ್ಲಿ ಬರೆದರು. ಮರು ತಿಂಗಳೇ ಸೆನೆಟ್ 82–4 ಮತಗಳಿಂದ ಫ್ರಾಂಕ್ ಚರ್ಚ್ ಅಧ್ಯಕ್ಷತೆಯ ಸಮಿತಿ ನೇಮಿಸಿತು. ವಿಷದ ಮುಳ್ಳು ಹಾರಿಸುವ ಸಿಐಎಯ ಪಿಸ್ತೂಲನ್ನು ಚರ್ಚ್ ಬಹಿರಂಗ ವಿಚಾರಣೆಯಲ್ಲೇ ಕೈಯಲ್ಲಿ ಹಿಡಿದು ತೋರಿಸಿದರು. ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಎಫ್‌ಬಿಐ ಬೆನ್ನಟ್ಟಿ ಕಾಡಿದ ರೀತಿಯನ್ನೂ ಆ ಸಮಿತಿ ಬಯಲಿಗೆಳೆಯಿತು. 1976ರಲ್ಲಿ ಸೆನೆಟ್‌ನ ಕಾಯಂ ಗುಪ್ತಚರ ಸಮಿತಿ, 1978ರಲ್ಲಿ ವಿದೇಶಿ ಬೇಹಿಗೆ ಸಂಬಂಧಿಸಿದ ಕದ್ದಾಲಿಕೆಗೆ ನ್ಯಾಯಾಲಯದ ಅನುಮತಿ ಕಡ್ಡಾಯ ಮಾಡುವ ಕಾಯ್ದೆ ಬಂದವು. ಆ ವ್ಯವಸ್ಥೆಯೂ ಎಡವಿದ್ದುಂಟು. 2013ರಲ್ಲಿ ಅಲ್ಲಿನ ಗುಪ್ತಚರ ಗುತ್ತಿಗೆ ನೌಕರ ಸ್ನೋಡೆನ್ ಹೊರಹಾಕಿದ ದಾಖಲೆಗಳು ಅದಕ್ಕೆ ಸಾಕ್ಷಿ. ಆದರೂ ಅಧಿಕಾರಿಯನ್ನು ಎದುರು ಕೂರಿಸಿ ಉತ್ತರ ಕೇಳುವ ಒಂದು ಮೇಜು ಅಲ್ಲಿದೆ.

ನಮ್ಮಲ್ಲಿ ಆ ಮೇಜಿನ ಗತಿ ಏನಾಗುತ್ತದೆ ಎಂಬುದು ಪೆಗಾಸಸ್ ಎಂಬ ಬೇಹು ತಂತ್ರಾಂಶದ ಗದ್ದಲದಲ್ಲಿ ಗೊತ್ತಾಯಿತು. 2021ರ ಜುಲೈ 28ರಂದು ಮಾಹಿತಿ ತಂತ್ರಜ್ಞಾನದ ಸಂಸದೀಯ ಸ್ಥಾಯಿ ಸಮಿತಿ ಸಭೆ ಸೇರಿತು. ಆಡಳಿತ ಪಕ್ಷದ ಸದಸ್ಯರು ಕೋಣೆಗೆ ಬಂದರೂ ಹಾಜರಿ ಪುಸ್ತಕಕ್ಕೆ ಸಹಿ ಹಾಕಲಿಲ್ಲ. ಕೋರಂ ಆಗಲಿಲ್ಲ. ಕರೆಸಿಕೊಂಡಿದ್ದ ಅಧಿಕಾರಿಗಳೂ ಬರಲಿಲ್ಲ. ಕಡೆಗೆ ಸುಪ್ರೀಂ ಕೋರ್ಟೇ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಉಸ್ತುವಾರಿಯಲ್ಲಿ ತಾಂತ್ರಿಕ ಸಮಿತಿ ನೇಮಿಸಬೇಕಾಯಿತು. ಪರೀಕ್ಷಿಸಿದ 29 ಫೋನುಗಳಲ್ಲಿ ಐದರಲ್ಲಿ ಕುತಂತ್ರಾಂಶ ಸಿಕ್ಕಿತು. ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಸರ್ಕಾರ ಸಹಕರಿಸಲಿಲ್ಲ ಎಂದು ಆ ಸಮಿತಿ ಹೇಳಿದ್ದನ್ನು ಮುಖ್ಯ ನ್ಯಾಯಮೂರ್ತಿಗಳೇ ತೆರೆದ ನ್ಯಾಯಾಲಯದಲ್ಲಿ ತಿಳಿಸಿದರು.

ಸಂಸದರ ಕೈಗೆ ಗುಟ್ಟು ಕೊಟ್ಟರೆ ಸೋರಿಹೋಗುತ್ತದೆ ಎಂಬ ವಾದ ಹಳೆಯದು. ಬ್ರಿಟನ್ 1994ರಲ್ಲೇ ಕಾಯ್ದೆ ಮಾಡಿ ಸಂಸದರ ಗುಪ್ತಚರ ಸಮಿತಿ ರಚಿಸಿತು. ರಹಸ್ಯ ಕಾಪಾಡುವ ಕಾನೂನಿಗೆ ಅದರ ಸದಸ್ಯರೂ ಬದ್ಧರು. ಇಲ್ಲಿಯೂ ಅಂಥ ಸ್ಥಾಯಿ ಸಮಿತಿ ಬೇಕೆಂದು ಉಪರಾಷ್ಟ್ರಪತಿಯಾಗಿದ್ದ ಹಮೀದ್ ಅನ್ಸಾರಿ 2010ರಲ್ಲಿ ಹೇಳಿದರು, ಅದೂ ಕಾವ್ ಸ್ಮಾರಕ ಉಪನ್ಯಾಸದಲ್ಲಿ. ಮರುವರ್ಷ ಮನೀಶ್ ತಿವಾರಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದರು. ಅದು ಬಿದ್ದುಹೋಯಿತು. 1970ರ ನಂತರ ಯಾವ ಖಾಸಗಿ ಮಸೂದೆಯೂ ಕಾಯ್ದೆಯಾಗಿಲ್ಲ, ಹಾಗಾಗಿ ಈ ಕೆಲಸ ಸರ್ಕಾರದಿಂದಲೇ ಆಗಬೇಕು.

ಅವಕಾಶ ಒದಗಿಬಂದಿತ್ತು. 1885ರ ಕಾಯ್ದೆಯ ಜಾಗಕ್ಕೆ 2023ರಲ್ಲಿ ದೂರಸಂಪರ್ಕ ಕಾಯ್ದೆ ಬಂತು, 2024ರ ಡಿಸೆಂಬರ್‌ನಲ್ಲಿ ಕದ್ದಾಲಿಕೆಯ ಹೊಸ ನಿಯಮಗಳೂ ಬಂದವು. ಕೇಂದ್ರದ ಪರಿಶೀಲನಾ ಸಮಿತಿಯಲ್ಲಿ ಈಗಲೂ ಅದೇ ಮೂವರು ಕಾರ್ಯದರ್ಶಿಗಳಿದ್ದಾರೆ. ಸಂಸತ್ತಿನ ಸಮಿತಿ ಕಟ್ಟಲು ಹೊತ್ತು ಹಿಡಿಯುತ್ತದೆ, ನಿಜ. ಆ ಮೂವರ ಜತೆ ಒಬ್ಬ ನ್ಯಾಯಾಧೀಶರನ್ನು ಕೂರಿಸಲು ನಿಯಮಕ್ಕೊಂದು ತಿದ್ದುಪಡಿ ಸಾಕು.