‘ಟೇಕ್’ ಧಾತುವೂ ‘ಹತ್ತು’ ಧಾತುವೂ

ಇಂಗ್ಲಿಷಿನಲ್ಲಿ ನಿತ್ಯವ್ಯವಹಾರಕ್ಕೆ ಬರುವ ‘ಟೇಕ್’ ಎಂಬ ಧಾತುವಿಗೆ ‘ತೆಗೆದುಕೊಳ್ಳು’ ಎಂಬುದೊಂದೇ ಅರ್ಥವೆಂದು ಗ್ರಹಿಸಿ, ಅದು ಬಂದಲ್ಲೆಲ್ಲ ಇದನ್ನೇ ಇಡುವ ರೂಢಿಯು ನಮ್ಮ ಭಾಷಾಂತರಗಳಲ್ಲಿ ಬೆಳೆದಿದೆ. ‘ಈ ಕೆಲಸವು ಬಹಳ ಸಮಯ ತೆಗೆದುಕೊಳ್ಳುತ್ತದೆ’ ಎಂಬ ವಾಕ್ಯವು ಇದಕ್ಕೆ ನಿದರ್ಶನ. ಇದು ಕನ್ನಡದ ಜಾಯಮಾನಕ್ಕೆ ಒಗ್ಗುವುದೇ ಎಂಬುದು ಇಲ್ಲಿಯ ವಿಚಾರ.

‘ಟೇಕ್’ ಎಂಬುದು ಪ್ರಾಚೀನ ನಾರ್ಸ್ ಭಾಷೆಯ ‘ಟಾಕ’ ಧಾತುವಿನಿಂದ ಬಂದು, ಹಳೆಯ ಇಂಗ್ಲಿಷಿನ ‘ನಿಮನ್’ ಎಂಬುದನ್ನು ಕ್ರಮೇಣ ಹೊರದೂಡಿತು. ಹಿಡಿಯುವುದೇ ಇದರ ಮೂಲಾರ್ಥ. ಒಯ್ಯುವುದು, ಸ್ವೀಕರಿಸುವುದು, ವಾಹನವನ್ನೇರುವುದು, ಕಾಲವು ವ್ಯಯವಾಗುವುದು ಮುಂತಾದ ಅರ್ಥಗಳು ಅದರಿಂದಲೇ ಕವಲೊಡೆದವು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಆಡುನುಡಿಯಲ್ಲಿ ಇವುಗಳ ಪೈಕಿ ಕೆಲವನ್ನು ‘ಹತ್ತು’ ಧಾತುವು ನಿರ್ವಹಿಸುತ್ತದೆ. ‘ಬಸ್ಸು ಹತ್ತಿದ’, ‘ಬಣವಿಗೆ ಬೆಂಕಿ ಹತ್ತಿತು’, ‘ರಾಮದುರ್ಗಕ್ಕ ಹೋಗಾಕ ಎಷ್ಟು ಹೊತ್ತು ಹತ್ತತೈತಿ?’ ಎಂಬಿವು ಅಂಥ ಪ್ರಯೋಗಗಳು. ‘ನಿದ್ದಿ ಹತ್ತಿತು’, ‘ಮಳಿ ಬರಾಕ ಹತ್ತೈತಿ’ ಎಂಬಲ್ಲಿ ಇದರ ವ್ಯಾಪ್ತಿಯು ‘ಟೇಕ್’ ಧಾತುವನ್ನೂ ಮೀರುತ್ತದೆ. ಇದರ ಹಳಗನ್ನಡ ರೂಪ ‘ಪತ್ತು’. ತಮಿಳಿನ ‘ಪಱ್ಱು’, ತೆಲುಗಿನ ‘ಪಟ್ಟು’ ಇದರ ಸಜಾತೀಯಗಳು. ಅಂಟುವುದು, ಹಿಡಿಯುವುದು ಎಂಬುದೇ ಇಲ್ಲಿಯೂ ಮೂಲಾರ್ಥ.

ಮರಾಠಿಯಲ್ಲಿ ‘ವೇಳ ಲಾಗತೋ’ ಎನ್ನುವರು. ಸಂಗಾರ್ಥಕವಾದ ಸಂಸ್ಕೃತದ ‘ಲಗ್’ ಧಾತುವೇ ಅದಕ್ಕೆ ಮೂಲ. 1956ರ ವರೆಗೆ ಮುಂಬಯಿ ಆಡಳಿತದಲ್ಲಿದ್ದ ಈ ನಾಡಿಗೆ ಮರಾಠಿಯ ಸಂಪರ್ಕವು ದೀರ್ಘವಾದುದು. ಆ ಸಂಪರ್ಕದಿಂದ ಪ್ರಯೋಗವು ಬಲಗೊಂಡಿರಬಹುದು. ಆದರೆ ಧಾತುವೂ ಅದರ ಮೂಲಾರ್ಥವೂ ಕನ್ನಡದವೇ ಆಗಿರಲು, ಇದನ್ನು ಎರವಲೆಂದು ತಳ್ಳುವುದು ಯುಕ್ತವಲ್ಲ.

ವ್ಯಾಕರಣದೃಷ್ಟಿಯಿಂದಲೂ ಭೇದವುಂಟು. ‘ಈ ಕೆಲಸಕ್ಕ ಭಾಳ ಹೊತ್ತು ಹತ್ತತೈತಿ’ ಎಂಬಲ್ಲಿ ಕೆಲಸವು ಚತುರ್ಥಿಯಲ್ಲಿದೆ, ಹೊತ್ತೇ ಕರ್ತೃ, ಕ್ರಿಯೆಯು ಅಕರ್ಮಕ. ‘ತೆಗೆದುಕೊಳ್ಳುತ್ತದೆ’ ಎಂದೊಡನೆ ಕೆಲಸವೇ ಕರ್ತೃವಾಗಿ, ಸಮಯವು ಕರ್ಮವಾಗುತ್ತದೆ. ‘ಕೊಳ್ಳು’ ಎಂಬ ಸಹಾಯಕ ಧಾತುವು ಕ್ರಿಯಾಫಲವು ಕರ್ತೃವಿಗೇ ಸೇರುವುದೆಂದು ಸೂಚಿಸತಕ್ಕದ್ದು. ಅಚೇತನವಾದ ಕೆಲಸವು ಸಮಯವನ್ನು ತನಗಾಗಿ ತೆಗೆದುಕೊಂಡು ಪಡೆಯುವ ಫಲವಾದರೂ ಏನು?

ಗ್ರಂಥಭಾಷೆಯಲ್ಲಿ ‘ಹೊತ್ತು ಹಿಡಿಯುತ್ತದೆ’, ‘ಸಮಯ ಬೇಕು’ ಎಂಬ ಶುದ್ಧ ಪ್ರಯೋಗಗಳೂ ಇವೆ. ಇಷ್ಟಿರಲು, ಬಾಲಕನು ಬರೆದ ‘ಹೊತ್ತು ಹತ್ತುತ್ತದೆ’ ಎಂಬುದನ್ನು ಗ್ರಾಮ್ಯವೆಂದು ಹೊಡೆದು, ಅದರ ಸ್ಥಾನದಲ್ಲಿ ‘ಸಮಯ ತೆಗೆದುಕೊಳ್ಳುತ್ತದೆ’ ಎಂದು ತಿದ್ದಿದರೆ, ಕನ್ನಡವನ್ನಳಿಸಿ ಇಂಗ್ಲಿಷನ್ನು ಕನ್ನಡಾಕ್ಷರಗಳಲ್ಲಿ ಬರೆದಂತಾಗುವುದು. ಭಾಷಾಂತರಕಾರರೂ ಉಪಾಧ್ಯಾಯರೂ ಕೋಶವನ್ನು ತೆರೆಯುವ ಮೊದಲು ಜನರ ಬಾಯಿಯ ಮಾತಿಗೆ ಕಿವಿಗೊಡುವುದು ಉಚಿತ.